ಇದ್ದದ್ದು ಇದ್ದ ಹಾಗೆ

ನಮ್ಮೂರಿನಲ್ಲಿ ಯಾರೂ ಬಾಗಿಲಿಗೆ ಬೀಗ ಹಾಕುವುದಿಲ್ಲ. ಬೀಗ ಮಾರುವ ಅಂಗಡಿಯೂ ಇಲ್ಲ. ಅಪ್ಪಣೆ ಇದ್ದವರು ದೂಡಿದರೆ ಬಾಗಿಲು ತೆರೆದುಕೊಳ್ಳುತ್ತದೆ, ಇಲ್ಲದವರು ದೂಡಿದರೆ ಗೋಡೆಯ ಹಾಗೆ ನಿಲ್ಲುತ್ತದೆ. ಬಾಗಿಲಿಗೆ ಮಾತ್ರವಲ್ಲ, ಚೊಂಬು, ಒಲೆ, ಬಾಚಣಿಗೆ, ಹಾರ್ಮೋನಿಯಂ ಎಲ್ಲಕ್ಕೂ ಅಪ್ಪಣೆ ಎಂಬುದಿದೆ. ಅಪ್ಪಣೆಯಲ್ಲಿ ಮೂರು ಬಗೆ: ನೋಡುವುದು, ತಿದ್ದುವುದು, ನಡೆಸುವುದು. ಪಡೆಯುವವರಲ್ಲೂ ಮೂರು ಬಗೆ: ಒಡೆಯ, ಬಳಗ, ಊರು. ಕೆರೆ ಏರಿಯ ಕಲ್ಲುಬೆಂಚನ್ನು ನಡೆಸುವ ಅಪ್ಪಣೆ ಊರಿಗೆಲ್ಲ ಇದೆ, ಅಂದರೆ ಯಾರು ಬೇಕಾದರೂ ಕೂರಬಹುದು. ತಿದ್ದುವ ಅಪ್ಪಣೆ ಯಾರಿಗೂ ಇಲ್ಲ, ಹಾಗಾಗಿ ಅದರ ಮೇಲೆ ಹೆಸರು ಕೆತ್ತಲು ಇದುವರೆಗೆ ಒಬ್ಬ ಪ್ರೇಮಿಯಿಂದಲೂ ಆಗಿಲ್ಲ. ಇದೆಲ್ಲ ಪುರಸಭೆಯ ಕಂಪ್ಯೂಟರಿನಲ್ಲಿ ಒಂದೊಂದು ಸಾಮಾನಿಗೆ ಒಂದೊಂದು ಫೈಲು ಎಂಬಂತೆ ಬರೆದಿಟ್ಟಿದೆ. ಫೈಲಿನಲ್ಲಿ ಹೇಗಿದೆಯೋ ಊರಿನಲ್ಲಿ ಹಾಗೆ. ಮನುಷ್ಯರ ಕೈಕಾಲಿಗೆ ಮಾತ್ರ ಫೈಲಿಲ್ಲ, ಅವು ಅವರವರದೇ.

ಅಪ್ಪಣೆ ಇಲ್ಲದ ಬಾಗಿಲನ್ನು ದೂಡಿ, ಅದು ಅಲುಗದೆ ನಿಂತು, ಅದನ್ನು ಎದುರುಮನೆಯವರು ನೋಡುವುದಕ್ಕಿಂತ ದೊಡ್ಡ ಅವಮಾನ ನಮ್ಮಲ್ಲಿ ಇನ್ನೊಂದಿಲ್ಲ. ಆದ್ದರಿಂದ ಯಾರೂ ಬೇರೆಯವರ ಬಾಗಿಲನ್ನು ಸುಮ್ಮನೆ ದೂಡುವುದಿಲ್ಲ. ಹೊರಗೆ ನಿಂತು ಕೆಮ್ಮುತ್ತೇವೆ. ಒಳಗಿನವರು ತಿರುಗಿ ಕೆಮ್ಮಿದರೆ ದೂಡುತ್ತೇವೆ. ಮೂರು ಸಲ ಕೆಮ್ಮಿದರೂ ಒಳಗೆ ಸದ್ದಿಲ್ಲವೆಂದರೆ ಬಂದ ದಾರಿ ಹಿಡಿಯುತ್ತೇವೆ. ಅಪ್ಪಣೆ ಇದೆಯೋ ಇಲ್ಲವೋ ಎಂದು ಬಾಯಿಬಿಟ್ಟು ಕೇಳುವವರಿಲ್ಲ. ನಿಜವಾಗಿ ಕೆಮ್ಮಾದವರಿಗೆ ಇದರಿಂದ ಸ್ವಲ್ಪ ತೊಂದರೆಯಿದೆ, ಅವರು ಆ ದಿನಗಳಲ್ಲಿ ಮನೆ ಬಿಟ್ಟು ಹೊರಗೆ ಬರುವುದಿಲ್ಲ.

ಆ ಫೈಲುಗಳನ್ನು ನೋಡಿಕೊಳ್ಳುವವಳು ಅನಸೂಯ. ಪಕ್ಕದ ಮೇಜಿನಲ್ಲಿ ಬಂದ ಹೋದ ಕಾಗದಗಳ ಆವಕ-ಜಾವಕ ಬರೆಯುವವಳು ನಾನು. ಇಪ್ಪತ್ತು ವರ್ಷದಿಂದ ಒಂದೇ ಡಬ್ಬಿಯ ಚಟ್ನಿಪುಡಿ ತಿಂದವರು, ಹಾಗಾಗಿ ಅವಳ ಒಳಗಿನ ಮಾತು ನನಗೆ ಗೊತ್ತಾಗದೆ ಉಳಿದದ್ದು ಕಡಿಮೆ. ಅವಳಷ್ಟು ತಗ್ಗಿ ನಡೆಯುವ ಹೆಂಗಸನ್ನು ನಾನು ನೋಡಿಲ್ಲ. ಕಂಪ್ಯೂಟರಿನ ಮುಂದೆ ಕೂರುವವರು ಮೊದಲು ಹೆಸರು ಹೇಳಿಕೊಳ್ಳಬೇಕು. ತಮ್ಮ ಹೆಸರಿನಲ್ಲಿ ಕೂತರೆ ತಮ್ಮ ಅಧಿಕಾರ ಎಷ್ಟೋ ಅಷ್ಟೇ ನಡೆಯುತ್ತದೆ. ಇದಲ್ಲದೆ ದೊಡ್ಡ ಹೆಸರು ಎಂದು ಒಂದಿದೆ, ಆ ಹೆಸರಿನಲ್ಲಿ ಕೂತವರನ್ನು ಕೇಳುವವರೇ ಇಲ್ಲ, ಏನು ಹೇಳಿದರೂ ಆಗುತ್ತದೆ. ದೊಡ್ಡ ಹೆಸರಿನಲ್ಲಿ ಕೂರುವುದು ದುರಹಂಕಾರ, ಮರ್ಯಾದಸ್ಥರು ಮಾಡುವ ಕೆಲಸವಲ್ಲ ಎಂದು ಅವಳಿಗೆ ಕೆಲಸ ಕಲಿಸಿದ ಹೆಡ್ ಗುಮಾಸ್ತರು ಶಂಕರಲಿಂಗಯ್ಯನವರು ಮೊದಲ ದಿನವೇ ಹೇಳಿದ್ದರು. ಅವರಿಗಿಂತ ಹಿಂದಿನವರು ಒಮ್ಮೆ ಹಾಗೆ ಕೂತು, ಪೂರ್ವದ ಬೀದಿಯ ಒಂದು ಹಾಳು ತೊಟ್ಟಿಯನ್ನು ಅಳಿಸಲು ಹೋಗಿ, ಬರೆದ ಸಾಲಿನಲ್ಲಿ ಬಿಡಬಾರದ ಕಡೆ ಒಂದು ಖಾಲಿ ಜಾಗ ಬಿಟ್ಟು ಗುಂಡಿ ಒತ್ತಿದ್ದರು. ನಮ್ಮೂರಿಗೆ ಈಗ ಪೂರ್ವದ ಬೀದಿ ಇಲ್ಲ. ಅಲ್ಲಿನವರೆಲ್ಲ ಅವತ್ತು ಒಂದು ಮದುವೆಗೆ ಹೋಗಿದ್ದರಿಂದ ಯಾರಿಗೂ ಏನೂ ಆಗಲಿಲ್ಲ, ವಾಪಸು ಬಂದು ದಕ್ಷಿಣದ ಬೀದಿಯಲ್ಲಿ ಇಕ್ಕಟ್ಟು ಮಾಡಿಕೊಂಡು ಇದ್ದಾರೆ.

ಅನಸೂಯಳಿಗೆ ಇರುವವಳು ಒಬ್ಬಳೇ ಅಕ್ಕ, ವಿಶಾಲಾಕ್ಷಿ. ಮದುವೆಯಾಗಲಿಲ್ಲ, ಹಿಂದಲ ಓಣಿಯಲ್ಲಿ ಒಬ್ಬಳೇ ಇದ್ದುಕೊಂಡು ಹಪ್ಪಳ ಸಂಡಿಗೆ ಮಾಡುತ್ತಾಳೆ. ನಮ್ಮ ಕಚೇರಿಯಿಂದ ಅಲ್ಲಿಗೆ ಎರಡು ನಿಮಿಷದ ದಾರಿ, ಅನಸೂಯ ಆ ದಾರಿಯಲ್ಲಿ ಹನ್ನೊಂದು ವರ್ಷದಿಂದ ಕಾಲಿಟ್ಟಿರಲಿಲ್ಲ. ಅವರ ತಾಯಿ ಕೊನೆಯ ಕಾಲದಲ್ಲಿ ಆ ಮನೆಯಲ್ಲಿದ್ದರು. ಯಾವ ಡಾಕ್ಟರಿಗೆ ತೋರಿಸುವುದು ಎಂಬ ವಿಷಯಕ್ಕೆ ಅಕ್ಕತಂಗಿಯರಿಗೆ ಮಾತಿಗೆ ಮಾತು ಬೆಳೆದಿತ್ತು. ಒಂದು ಮಧ್ಯಾಹ್ನ ತಾಯಿಗೆ ಜೋರಾಗಿದೆ ಎಂದು ಯಾರೋ ಹೇಳಿದರು. ಅನಸೂಯ ಊಟದ ಡಬ್ಬಿ ಮುಚ್ಚದೆ ಎದ್ದು ಓಡಿ, ಅಕ್ಕನ ಬಾಗಿಲ ಮುಂದೆ ನಿಂತು ಕೆಮ್ಮಿದಳು. ಒಳಗಿನಿಂದ ಕೆಮ್ಮು ಬರಲಿಲ್ಲ. ಎರಡನೆಯ ಸಲ ಕೆಮ್ಮಿದಳು. ಮೂರನೆಯ ಸಲ ಕೆಮ್ಮಿ, ಸ್ವಲ್ಪ ಹೊತ್ತು ನಿಂತು, ಕಚೇರಿಗೆ ವಾಪಸು ಬಂದು ಕೂತಳು. ಸಂಜೆ ತಾಯಿ ಹೋದ ಸುದ್ದಿ ಬಂತು.

ಅಕ್ಕ ತನ್ನನ್ನು ಬಾಗಿಲಿನಿಂದ ತೆಗೆದುಹಾಕಿದಳು, ಅಮ್ಮನ ಮುಖ ನೋಡಲು ಬಿಡಲಿಲ್ಲ ಎಂದು ಅವಳು ನನಗೆ ಹೇಳಿದ್ದು ಒಂದೇ ಸಲ. ಹದಿಮೂರನೆಯ ದಿನ ಅಕ್ಕ ಇವಳ ಮನೆಯ ಮುಂದೆ ಬಂದು ಕೆಮ್ಮಿದಾಗ ಇವಳು ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ಅಲ್ಲಿಗೆ ಮಾತು ನಿಂತಿತು. ಅಕ್ಕನ ಬಾಗಿಲಿನ ಫೈಲು ಇವಳ ಕೈಯಲ್ಲೇ ಇತ್ತು, ಮನಸ್ಸು ಮಾಡಿದ್ದರೆ ನೋಡಬಹುದಿತ್ತು. ನಂಟರ ಫೈಲನ್ನು ಗುಮಾಸ್ತರು ನೋಡಬಾರದು ಎಂಬ ನಿಯಮವಿದೆ. ನಿಯಮ ಇಲ್ಲದಿದ್ದರೂ ಅವಳು ನೋಡುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ತನ್ನ ಹೆಸರು ಹೊಡೆದುಹಾಕಿದ್ದನ್ನು ಕಣ್ಣಾರೆ ನೋಡುವುದು ಯಾರಿಗೆ ಬೇಕು?

ಹೀಗಿರುವಾಗ ಹಳೆಯ ಕಂಪ್ಯೂಟರು ಕೂತರೆ ಬಿಸಿ, ಎದ್ದರೆ ಬಿಸಿ ಎಂಬಂತಾಗಿ ಹೊಸದೊಂದು ಬಂತು. ಊರಿನ ಫೈಲುಗಳನ್ನೆಲ್ಲ ಹಳೆಯದರಲ್ಲಿ ಒಂದು ಗಂಟು ಕಟ್ಟಿ, ಆ ಗಂಟನ್ನು ತಂದು ಹೊಸದರಲ್ಲಿ ಬಿಚ್ಚಬೇಕು. ಅನಸೂಯ ಶನಿವಾರವಿಡೀ ಕೂತು ಗಂಟು ಕಟ್ಟಿದಳು, ಭಾನುವಾರ ರಾತ್ರಿ ಊರೆಲ್ಲ ಮಲಗಿದ ಮೇಲೆ ಹೊಸದರ ಮುಂದೆ ಕೂತು ಕೈಮುಗಿದು ತನ್ನ ಹೆಸರು ಹೇಳಿಕೊಂಡು ಬಿಚ್ಚಿದಳು. ಕೊಡೆಯಿಂದ ಹಿಡಿದು ಕೆರೆಯವರೆಗೆ ಒಂದೂ ಬಿಡದೆ ಬಂತು. ಎಣಿಸಿದಳು, ಲೆಕ್ಕ ಸರಿಯಾಗಿತ್ತು. ತೃಪ್ತಿಯಿಂದ ಮನೆಗೆ ಹೋಗಿ, ಆ ಹೊತ್ತಿನಲ್ಲೂ ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿದಳು. ಎಣ್ಣೆಯ ಶೀಸೆ, ನೀರಿನ ತೊಟ್ಟಿ, ಬಾಗಿಲು ಎಲ್ಲ ಎಂದಿನಂತೆ ಅವಳ ಮಾತು ಕೇಳುತ್ತಿದ್ದವು, ಅನುಮಾನ ಬರುವಂಥದ್ದೇನೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಅವಳ ಮನೆಯ ಮುಂದೆ ಐವತ್ತು ಜನ ನಿಂತು ಕೆಮ್ಮುತ್ತಿದ್ದರು. ಸೆಕೆಗಾಲವಾದ್ದರಿಂದ ಜಗಲಿಯ ಮೇಲೆ ಮಲಗಿದ್ದವರು ಅವರು, ತಮ್ಮ ಮನೆಯೊಳಗೆ ಹೋಗಲಾಗದೆ ಬಂದಿದ್ದರು. ಒಳಗೆ ಮಲಗಿದ್ದವರು ಹೊರಗೆ ಬರಲಾಗದೆ ಗೋಡೆಯಾಚೆಯಿಂದ ಕೂಗುತ್ತಿದ್ದರು. ನಾನೂ ಜಗಲಿಯವಳೇ. ಹೊದಿಕೆಯನ್ನು ಮಡಿಸಲು ಹೋದರೆ ಅದು ಮಡಿಕೆ ಬೀಳಲಿಲ್ಲ, ಇದ್ದಲ್ಲಿಯೇ ಬಿಟ್ಟು ಬಂದಿದ್ದೆ. ಪುರಸಭೆ ಅಧ್ಯಕ್ಷರು ಗುರುಪಾದಪ್ಪನವರು ಚಪ್ಪಲಿ ಬಿಚ್ಚದೆ ಮಲಗಿದ್ದವರು ಹಾಗೆಯೇ ಬಂದಿದ್ದರು, ಅಂಗಳದಲ್ಲಿ ಕಳಚಿಕೊಂಡ ಒಂದು ಚಪ್ಪಲಿ ಮತ್ತೆ ಕಾಲಿಗೆ ಹತ್ತಲೊಲ್ಲದಂತೆ. ಅನಸೂಯ ಆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಅವರ ಕಾಲಿಗೆ ತೊಡಿಸಿದಳು, ಹತ್ತಿತು. ಎದುರುಮನೆಯ ಬಾಗಿಲನ್ನು ಮುಟ್ಟಿದಳು, ತೆರೆದುಕೊಂಡಿತು. ಎಲ್ಲರೂ ಅವಳ ಮುಖ ನೋಡಿದರು. ಊರಿನಲ್ಲಿದ್ದ ಪ್ರತಿಯೊಂದು ಸಾಮಾನೂ ಅನಸೂಯಳದಾಗಿತ್ತು, ಅವಳನ್ನು ಬಿಟ್ಟು ಬೇರೆ ಯಾರಿಗೂ ಯಾವುದಕ್ಕೂ ಅಪ್ಪಣೆ ಇರಲಿಲ್ಲ.

ನಾಚಿಕೆಯಿಂದ ಅವಳ ಮುಖ ಇಷ್ಟು ಸಣ್ಣದಾಯಿತು. ಮೊದಲು ಒಳಗಿದ್ದವರನ್ನು ಬಿಡಿಸಬೇಕಲ್ಲ, ಕಾಲಿಗೆ ಚಕ್ರ ಕಟ್ಟಿಕೊಂಡು ಹೊರಟಳು, ಹಿಂದೆ ನಾನು. ಊರಿನಲ್ಲಿರುವುದು ಮುನ್ನೂರ ಹನ್ನೆರಡು ಬಾಗಿಲು. ಒಂದೊಂದನ್ನೂ ದೂಡಿ, ಮತ್ತೆ ಮುಚ್ಚಿಕೊಳ್ಳದ ಹಾಗೆ ಕಲ್ಲು ಇಡುತ್ತಾ ಹೋದಳು. ಕಲ್ಲನ್ನೂ ಅವಳೇ ಇಡಬೇಕು, ನಾನು ಎತ್ತಿದರೆ ಏಳುತ್ತಿರಲಿಲ್ಲ. ಹೊರಗೆ ಬಂದವರು ನೀರು ಕೇಳಿದರು. ಅವರ ಕೊಡದಿಂದಲೇ ಅವರ ಬೊಗಸೆಗೆ ಅವಳು ಬಗ್ಗಿಸಿ ಹಾಕಿದಳು. ಒಬ್ಬ ಮುದುಕ ತನ್ನ ಕನ್ನಡಕ ಹಾಕಿಸಿಕೊಂಡ. ಒಬ್ಬಾಕೆಗೆ ತಲೆ ಬಾಚಬೇಕಾಗಿತ್ತು, ಅದೂ ಆಯಿತು. ಜನ ಕೋಪ ಮಾಡಿಕೊಳ್ಳಲಿಲ್ಲ, ಬದಲಿಗೆ ಬಹಳ ಸಂಕೋಚಪಟ್ಟರು. ಇಷ್ಟು ದಿನ ಬಳಸಿದ ಸಾಮಾನನ್ನು ಅವಳಿಗೆ ತೋರಿಸುತ್ತಾ, ನಿಮ್ಮದು ಇದು, ಸ್ವಲ್ಪ ಹಳತಾಗಿದೆ, ಏನೂ ತಿಳಿದುಕೊಳ್ಳಬೇಡಿ ಎನ್ನುತ್ತಿದ್ದರು.

ಹಿಂದಲ ಓಣಿಗೆ ಬಂದಾಗ ಹತ್ತು ಗಂಟೆಯ ಬಿಸಿಲು. ವಿಶಾಲಾಕ್ಷಿಯ ಮನೆ ಓಣಿಯಲ್ಲಿ ಮೂರನೆಯದು. ಮೊದಲೆರಡು ಬಾಗಿಲನ್ನು ತೆರೆದ ಅನಸೂಯ ಮೂರನೆಯದರ ಮುಂದೆ ನಿಂತಳು. ಕೈ ಚಾಚಲಿಲ್ಲ. ಗಂಟಲು ಸರಿಮಾಡಿಕೊಂಡು ಕೆಮ್ಮಿದಳು. ಮೂರು ಸಲ. ಒಳಗೆ ಸದ್ದಿರಲಿಲ್ಲ. ನಾಲ್ಕನೆಯ ಮನೆಗೆ ಹೋದಳು. ನಾನು ಅವಳ ತೋಳು ಹಿಡಿದು ನಿಲ್ಲಿಸಿದೆ. ಒಳಗಿರುವವಳಿಗೆ ಒಲೆ ಹತ್ತುವುದಿಲ್ಲ, ಕೊಡ ಬಗ್ಗುವುದಿಲ್ಲ, ನಿನ್ನೆ ರಾತ್ರಿಯಿಂದ ತೊಟ್ಟು ನೀರು ಸಿಕ್ಕಿರಲಾರದು, ಅರವತ್ತರ ಹತ್ತಿರ ಬಂದ ಹೆಂಗಸು ಎಂದೆ. ಅವಳ ಕಣ್ಣು ತುಂಬಿತು, ಆದರೂ ಕೈ ಮುಂದೆ ಹೋಗಲಿಲ್ಲ.

“ಅವಳಾಗಿ ತೆಗೆದ ಹೆಸರು ನಂದು. ಈಗ ಬಾಗಿಲು ನಂದಾಗಿದೆ ಅಂತ ನುಗ್ಗಿದ್ರೆ ಅವಳು ಸತ್ರೂ ಆ ನೀರು ಕುಡಿಯಲ್ಲ. ನಂಗೊತ್ತು ಅವಳು. ಬೇಗ ಸರಿ ಮಾಡ್ತೀನಿ, ಅವಳ ಬಾಗ್ಲು ಅವಳೇ ತಕ್ಕೊಳ್ಲಿ,” ಎಂದಳು.

ಅಲ್ಲಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕಚೇರಿಗೆ ಬರುವಷ್ಟರಲ್ಲಿ ಅಧ್ಯಕ್ಷರು ಕಾಯುತ್ತಿದ್ದರು, ಪರಿಹಾರವನ್ನೂ ಯೋಚಿಸಿಟ್ಟಿದ್ದರು: ಎಲ್ಲರಿಗೂ ಎಲ್ಲದರ ಅಪ್ಪಣೆ ಕೊಟ್ಟುಬಿಡುವುದು, ಒಂದು ಸಾಲು ಬರೆದರೆ ಮುಗಿಯಿತು. ಅನಸೂಯಳಿಗೆ ಸರಿಬರಲಿಲ್ಲ. ಮೊದಲು ಒಂದು ಬೀದಿಗೆ ಮಾಡಿ ನೋಡೋಣ ಎಂದಳು. ಅಧ್ಯಕ್ಷರು ತಮ್ಮ ಹುಣಿಸೆ ಬೀದಿಯನ್ನೇ ಕೊಟ್ಟರು. ಮೊದಲ ಹತ್ತು ನಿಮಿಷ ಆ ಬೀದಿಯವರು ಅವಳನ್ನು ಹರಸಿದರು, ಒಲೆ ಹತ್ತಿಸಿ ಕಾಫಿ ಕುಡಿದರು. ಆಮೇಲೆ ಒಬ್ಬೊಬ್ಬರಿಗಾಗಿ ಹೊಳೆಯಿತು, ಪಕ್ಕದ ಮನೆಯ ಪತ್ರಗಳೂ ಈಗ ಓದಲು ಬರುತ್ತವೆ ಎಂದು. ಓದಿ ಸುಮ್ಮನಿರದೆ ಕಾಗುಣಿತ ತಿದ್ದಿದರು. ಯಾರದೋ ಜಾತಕದಲ್ಲಿ ಯಾರೋ ಗುರುವನ್ನು ಒಂದು ಮನೆ ಮುಂದಕ್ಕೆ ಸರಿಸಿದರು. ನಡೆಸುವ ಅಪ್ಪಣೆ ಎಲ್ಲಕ್ಕೂ ಸಿಕ್ಕಿದ್ದರಿಂದ ಕುಂಬಳಕಾಯಿಗೂ ಸಿಕ್ಕಿತ್ತು. ಕುಂಬಳಕಾಯಿಯನ್ನು ನಡೆಸಿದರೆ ಏನಾಗುತ್ತದೆ ಎಂದು ಆವರೆಗೆ ಯಾರಿಗೂ ಗೊತ್ತಿರಲಿಲ್ಲ. ಒಬ್ಬರು ನಡೆಸಿದರು. ಅದು ಬೀದಿಯ ತುದಿಯವರೆಗೆ ಹೋಗಿ, ಮುಂದೇನು ಮಾಡುವುದೆಂದು ತಿಳಿಯದೆ ನಿಂತುಕೊಂಡಿತು. ಅಷ್ಟರಲ್ಲಿ ಅಧ್ಯಕ್ಷರ ಹೆಂಡತಿ ಅಧ್ಯಕ್ಷರ ಡೈರಿಯ ಹದಿನೇಳನೆಯ ಪುಟದಲ್ಲಿದ್ದರು. ಇದನ್ನು ಈ ಗಳಿಗೆಯಲ್ಲೇ ತೆಗೆಯಿರಿ ಎಂದು ಅಧ್ಯಕ್ಷರೇ ಓಡಿಬಂದು ಹೇಳಿದರು. ಅವಳು ತೆಗೆದಳು.

ಅಕ್ಕನ ಬಾಗಿಲೊಂದಕ್ಕಾದರೂ ಹಾಗೆ ಮಾಡಿಬಿಡು, ಸದ್ಯಕ್ಕೆ ಹೊರಗೆ ಬರಲಿ ಎಂದು ನಾನು ಅಂದೆ. ಒಬ್ಬಳೇ ಇರುವವಳ ಮನೆಗೆ ಊರಿಗೆ ಊರೇ ನುಗ್ಗಲಿ ಎನ್ನುತ್ತೀಯಾ ಎಂದು ಅವಳು ನನ್ನನ್ನೇ ಗದರಿದಳು. ಕೊನೆಗೆ ನನಗೆ ನೆನಪಾದದ್ದು ಶಂಕರಲಿಂಗಯ್ಯನವರು. ಎಪ್ಪತ್ತು ದಾಟಿದೆ, ಕಿವಿ ಮಂದ, ತಲೆ ಮಾತ್ರ ಚುರುಕು. ಅವರನ್ನು ನಾನು ಒಂದು ಕಡೆ, ಅಧ್ಯಕ್ಷರು ಇನ್ನೊಂದು ಕಡೆ ಹಿಡಿದು ಕರೆತಂದೆವು. ಅವರ ಊರುಗೋಲು ಅವರ ಮಾತು ಕೇಳುತ್ತಿರಲಿಲ್ಲ, ಅದನ್ನು ಅನಸೂಯ ಹಿಡಿದುಕೊಂಡು ಹಿಂದೆ ಬಂದಳು. ಬಂದವರೇ ಕೇಳಿದ ಮೊದಲ ಪ್ರಶ್ನೆ ಅಪ್ಪಣೆ ಬಿದ್ದುಹೋದದ್ದು ಗಂಟು ಕಟ್ಟುವಾಗಲೋ ಬಿಚ್ಚುವಾಗಲೋ ಎಂಬುದು. ಅನಸೂಯಳಿಗೆ ಗೊತ್ತಿರಲಿಲ್ಲ. ಹಾಗಾದರೆ ಗಂಟನ್ನು ಬಿಚ್ಚದೆ ಹಾಗೆಯೇ ಓದು, ಒಂದೊಂದು ಸಾಮಾನಿಗೆ ಒಂದೊಂದು ಸಾಲು ಬರುತ್ತದೆ, ಒಡೆಯನ ಹೆಸರೂ ಅಪ್ಪಣೆಯೂ ಅದರಲ್ಲಿದ್ದರೆ ತಪ್ಪು ಗಂಟಿನದಲ್ಲ, ಬಿಚ್ಚಿದ ಕೈಯದು ಎಂದರು.

ಅವಳು ಓದಲು ಕೂತಳು. ಪರದೆಯ ಮೇಲೆ ಊರು ಸಾಲುಸಾಲಾಗಿ ಇಳಿಯತೊಡಗಿತು. ಗುರುಪಾದಪ್ಪನವರ ಚಪ್ಪಲಿ, ಒಡೆಯ ಗುರುಪಾದಪ್ಪ. ಕೆರೆ ಏರಿಯ ಬೆಂಚು, ಒಡೆಯ ಪುರಸಭೆ. ನನ್ನ ಹೊದಿಕೆ, ನನ್ನ ಹೆಸರಿನಲ್ಲೇ. ಎಲ್ಲವೂ ಗಂಟಿನೊಳಗೆ ಇದ್ದ ಹಾಗೆಯೇ ಇತ್ತು, ಒಂದು ಅಕ್ಷರವೂ ಅಳಿಸಿರಲಿಲ್ಲ. ಯಾರ ಹೆಸರಿನಲ್ಲಿ ಕೂತು ಬಿಚ್ಚಿದೆ ಎಂದು ಮುದುಕರು ಕೇಳಿದರು. ತನ್ನ ಹೆಸರಿನಲ್ಲೇ ಎಂದು ಅವಳು ಹೇಳಿದಳು, ಅಷ್ಟು ಸಂಕಟದಲ್ಲೂ ಆ ಮಾತಿನಲ್ಲಿ ಸ್ವಲ್ಪ ಹೆಮ್ಮೆ ಇತ್ತು.

“ಅದಕ್ಕೇ ಎಲ್ಲಾ ನಿಂದಾಗಿದ್ದು. ಒಬ್ಬರ ಸಾಮಾನನ್ನ ಅವರವರ ಹೆಸರಿಗೆ ಇಡಬೇಕು ಅಂದ್ರೆ ದೊಡ್ಡ ಹೆಸರಲ್ಲೇ ಕೂತಿರ್ಬೇಕು ಕಣಮ್ಮ,” ಎಂದರು ಅವರು.

“ಆ ಹೆಸರಲ್ಲಿ ಕೂರಬೇಡ ಅಂತ ನೀವೇ ಹೇಳಿದ್ರಿ.”

“ಯಾವತ್ತೂ ಕೂರಬೇಡ ಅಂದಿದ್ನಾ?”

“ಅಂದಿದ್ರಿ.”

“ಹಂಗಾದ್ರೆ ತಪ್ಪಾಗಿ ಹೇಳ್ಕೊಟ್ಟಿದ್ದೆ,” ಎಂದರು ಶಂಕರಲಿಂಗಯ್ಯನವರು.

ಆದರೆ ಎಲ್ಲ ಅವಳದಾಗುವುದು ಒಂದು, ಬೇರೆಯವರಿಗೆ ಪೂರ್ತಿ ಮುಚ್ಚಿಹೋಗುವುದು ಇನ್ನೊಂದು. ಅದಕ್ಕೆ ಕಾರಣ ಮುಸುಕು ಎಂದು ಅವರು ಕಂಡುಹಿಡಿದರು. ಕಂಪ್ಯೂಟರಿನಲ್ಲಿ ಹೆಸರುಳ್ಳ ಪ್ರತಿಯೊಬ್ಬರಿಗೂ ಒಂದೊಂದು ಮುಸುಕಿದೆ. ಅವರು ಏನು ಮಾಡಿದರೂ, ಏನು ಬಿಚ್ಚಿದರೂ ಅದರ ಮೇಲೆ ಆ ಮುಸುಕು ಬೀಳುತ್ತದೆ, ಅದು ಎಷ್ಟು ಮುಚ್ಚುತ್ತದೋ ಅಷ್ಟು ಅಪ್ಪಣೆ ಬೇರೆಯವರಿಗೆ ಕಡಿಮೆ. ನನ್ನದು ಸೊಳ್ಳೆಪರದೆಯಷ್ಟು ತೆಳು. ಅನಸೂಯಳದನ್ನು ತೆಗೆದು ನೋಡಿದರೆ ಬಳಗಕ್ಕೂ ಊರಿಗೂ ಒಂದು ಕೂದಲೆಳೆಯಷ್ಟೂ ಕಾಣದ ಹಾಗೆ ಎಳೆದುಕೊಂಡಿತ್ತು. ಯಾವಾಗ ಎಳೆದುಕೊಂಡೆ ಎಂದು ಮುದುಕರು ಕೇಳಿದರು. ಹನ್ನೊಂದು ವರ್ಷದ ಹಿಂದೆ, ಹದಿಮೂರನೆಯ ದಿನ ಕಳೆದು ಕೆಲಸಕ್ಕೆ ಬಂದ ಬೆಳಿಗ್ಗೆ ಎಂದು ಆಮೇಲೆ ನನಗೊಬ್ಬಳಿಗೆ ಹೇಳಿದಳು.

ಪರದೆಯ ಮೇಲೆ ಸಾಲುಗಳು ಇನ್ನೂ ಇಳಿಯುತ್ತಲೇ ಇದ್ದವು. ಹಿಂದಲ ಓಣಿ ಬಂತು. ನಂಟರ ಸಾಲು ಬಂದರೆ ಗುಮಾಸ್ತರು ಕಣ್ಣು ತಿರುಗಿಸಬೇಕು, ಅವಳು ತಿರುಗಿಸಿದಳು ಕೂಡ. ಆದರೆ ನಾನು ತಿರುಗಿಸಲಿಲ್ಲ. ನನ್ನ ನಂಟರೇನೂ ಅಲ್ಲವಲ್ಲ. ಅನಸೂಯ, ಇದನ್ನು ನೀನು ನೋಡಬೇಕು ಎಂದೆ. ಅವಳು ನೋಡಲಿಲ್ಲ, ಆದ್ದರಿಂದ ನಾನು ಗಟ್ಟಿಯಾಗಿ ಓದಿದೆ. ಬಾಗಿಲು. ಒಡೆಯಳು ವಿಶಾಲಾಕ್ಷಿ. ಬಳಗ ಅನಸೂಯ. ಒಡೆಯಳಿಗೆ ನೋಡುವುದು, ತಿದ್ದುವುದು, ನಡೆಸುವುದು. ಬಳಗಕ್ಕೆ ನೋಡುವುದು, ತಿದ್ದುವುದು, ನಡೆಸುವುದು. ಊರಿಗೆ ಏನೂ ಇಲ್ಲ. ಬರೆದದ್ದು ಹದಿನೈದು ವರ್ಷದ ಹಿಂದೆ, ಆಮೇಲೆ ಯಾರೂ ಆ ಸಾಲನ್ನು ಮುಟ್ಟಿಲ್ಲ.

“ಅದನ್ನ ಬರ್ದಿದ್ದು ನಾನೇ,” ಎಂದರು ಶಂಕರಲಿಂಗಯ್ಯನವರು. “ಬಾಗಿಲು ಕೂರಿಸಿದ ದಿನ ನಿಮ್ಮಕ್ಕ ಬಂದಿದ್ಲು. ಬಳಗಕ್ಕೆ ನಡೆಸೋದು ಸಾಕಲ್ವಾ, ತಿದ್ದೋದು ಯಾಕೆ ಅಂದೆ. ನಂಗೆ ಎಷ್ಟಿದೆಯೋ ನನ್ನ ತಂಗಿಗೂ ಅಷ್ಟೇ ಇರ್ಲಿ ಅಂದ್ಲು.”

ಅನಸೂಯ ಈಗ ತಿರುಗಿ ನೋಡಿದಳು. ಬೆರಳಿಟ್ಟುಕೊಂಡು, ಮೊದಲ ತರಗತಿಯ ಮಕ್ಕಳು ಓದುವ ಹಾಗೆ ಒಂದೊಂದೇ ಅಕ್ಷರ ಓದಿದಳು. ಅವಳಿಗೆ ಆದದ್ದು ಸಮಾಧಾನವಲ್ಲ. ಆ ಮಧ್ಯಾಹ್ನ ಮೂರು ಸಲ ಕೆಮ್ಮುವ ಬದಲು ಒಂದು ಸಲ ದೂಡಿದ್ದರೆ ಬಾಗಿಲು ತೆರೆಯುತ್ತಿತ್ತು, ಅಮ್ಮ ಇನ್ನೂ ಇದ್ದಳು. ಹನ್ನೊಂದು ವರ್ಷ ಅಕ್ಕನ ಮೇಲೆ ಹೊರಿಸಿದ್ದೆಲ್ಲ ಒಟ್ಟಿಗೆ ತಿರುಗಿ ಅವಳ ಮೇಲೆಯೇ ಬಿತ್ತು, ಅದನ್ನು ಹೊರುವ ಶಕ್ತಿ ಅವಳಲ್ಲಿರಲಿಲ್ಲ. ನಡಿ, ಈಗಲೇ ಹೋಗಿ ತೆಗೆ, ಬಾಗಿಲು ಹೇಗೂ ನಿನ್ನ ಮಾತು ಕೇಳುತ್ತದೆ ಎಂದೆ.

“ನನ್ನ ಬಾಗಿಲಾಗಿ ತೆರೆದ್ರೆ ಏನು ಬಂತು? ಅವಳ ಬಾಗಿಲಾಗಿದ್ದು ನಂಗೆ ತೆರೀಬೇಕು. ಹತ್ತು ನಿಮಿಷ ಕೊಡು,” ಎಂದಳು.

ಸೆರಗು ಸೊಂಟಕ್ಕೆ ಸಿಕ್ಕಿಸಿ ದೊಡ್ಡ ಹೆಸರಿನಲ್ಲಿ ಕೂತಳು. ಅಧ್ಯಕ್ಷರು ಎದ್ದು ನಿಂತರು, ಯಾಕೆ ಎಂದು ಅವರಿಗೂ ಗೊತ್ತಿರಲಿಲ್ಲ. ಮುಸುಕನ್ನು ತೆಗೆದು ಪಕ್ಕಕ್ಕೆ ಇಟ್ಟಳು. ಗಂಟನ್ನು ಬಿಚ್ಚು, ಇದ್ದದ್ದು ಇದ್ದ ಹಾಗೆ, ಅವರವರದು ಅವರವರಿಗೆ ಎಂದು ಬರೆದಳು. ಬಿಡಬಾರದ ಕಡೆ ಖಾಲಿ ಜಾಗ ಬಿಟ್ಟಿದೆಯೇ ಎಂದು ಅವಳು ಮೂರು ಸಲ ನೋಡಿದಳು, ನಾನು ಎರಡು ಸಲ ನೋಡಿದೆ, ಮುದುಕರು ಮೇಜಿನ ಮೇಲಿದ್ದ ಭೂತಗನ್ನಡಿ ಎತ್ತಿ ನೋಡಲು ಹೋದರು, ಅದು ಅವರ ಕೈಗೆ ಬರಲಿಲ್ಲ. ಅವಳು ಒತ್ತಿದಳು. ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಕೊಡ ಬಗ್ಗಿಸಿದ ಸದ್ದು, ಒಗ್ಗರಣೆಯ ಸದ್ದು, ಯಾರೋ ಹಾರ್ಮೋನಿಯಂ ಒತ್ತಿ ನೋಡಿದ ಸದ್ದು ಕೇಳಿತು. ಶಂಕರಲಿಂಗಯ್ಯನವರು ಊರುಗೋಲು ಊರಿ ಎದ್ದರು. ಅನಸೂಯ ಆಗಲೇ ಬೀದಿಯಲ್ಲಿದ್ದಳು.

ಹಿಂದಲ ಓಣಿಯಲ್ಲಿ ಮೂರನೆಯ ಬಾಗಿಲು ಹಾಗೆಯೇ ಮುಚ್ಚಿತ್ತು. ಸರಿಯಾದದ್ದು ಒಳಗಿದ್ದವಳಿಗೆ ತಿಳಿದಿರಲಿಲ್ಲ. ಎದುರುಮನೆಯವರು ಜಗಲಿಯಲ್ಲಿ ಕೂತು ನೋಡುತ್ತಿದ್ದರು. ನನ್ನ ಗಂಟಲು ತಾನಾಗಿಯೇ ಕೆಮ್ಮಲು ಹೊರಟಿತು, ನುಂಗಿಕೊಂಡೆ. ಅನಸೂಯ ಎರಡೂ ಅಂಗೈ ಇಟ್ಟು ದೂಡಿದಳು. ಬಾಗಿಲು ತೆರೆಯಿತು. ಬಳಗದಲ್ಲಿ ನನ್ನ ಹೆಸರಿಲ್ಲದ್ದರಿಂದ ನಾನು ಹೊಸ್ತಿಲಿನ ಈಚೆಗೇ ನಿಂತೆ.

ವಿಶಾಲಾಕ್ಷಿ ಕಂಬಕ್ಕೆ ಒರಗಿ ನೆಲದ ಮೇಲೆ ಕೂತಿದ್ದಳು. ತುಟಿ ಒಣಗಿ ಬಿರಿದಿತ್ತು, ಎದುರಿಗೆ ತುಂಬಿದ ಕೊಡ. ಬೆಳಗಿನಿಂದ ಬಗ್ಗಿಸಿ ಬಗ್ಗಿಸಿ ಸೋತು ಬಿಟ್ಟಿದ್ದಳು. ಅನಸೂಯ ಕೊಡ ಬಗ್ಗಿಸಿದಳು. ಅದು ಅವಳಿಗೂ ಬಗ್ಗಿತು. ಅಕ್ಕ ಒಂದು ಚೊಂಬು ಕುಡಿದಳು, ಇನ್ನರ್ಧ ಚೊಂಬು ಕುಡಿದಳು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

“ಬೆಳಿಗ್ಗೆ ಬಂದು ಕೆಮ್ಮಿದೆ. ನೀನು ಕೆಮ್ಲಿಲ್ಲ,” ಎಂದಳು ಅನಸೂಯ.

“ಗಂಟ್ಲಲ್ಲಿ ತೇವ ಇರ್ಲಿಲ್ಲ ಕಣೆ.”

“ಅವತ್ತು?”

ಯಾವತ್ತು ಎಂದು ವಿಶಾಲಾಕ್ಷಿ ಕೇಳಲಿಲ್ಲ. “ಅವತ್ತು ಅಮ್ಮನ ತಲೆ ನನ್ನ ತೊಡೆ ಮೇಲಿತ್ತು. ರಾತ್ರಿಯೆಲ್ಲ ನರಳಿ ಆಗ ತಾನೆ ನಿದ್ದೆ ಹೋಗಿದ್ಲು. ನಾನು ಕೆಮ್ಮಿದ್ರೆ ಎದ್ದುಬಿಡ್ತಾಳೆ ಅಂತ ಸುಮ್ನಿದ್ದೆ. ಬಾಗ್ಲು ನಿಂದೂ ಹೌದಲ್ಲ, ದೂಡ್ಕೊಂಡು ಬರ್ತೀಯ ಅಂದ್ಕೊಂಡೆ. ಹೋಗೋ ಹೆಜ್ಜೆ ಸದ್ದು ಕೇಳಿಸ್ತು.”

ಅನಸೂಯ ಅತ್ತಳು. ಕೊಡದ ಪಕ್ಕದಲ್ಲಿ ಕುಸಿದು, ಮುಖ ಮುಚ್ಚಿಕೊಳ್ಳದೆ, ಊರಿನವರಿಗೆ ಕೇಳುವ ಹಾಗೆ ಅತ್ತಳು. ಅಕ್ಕ ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ, ಹತ್ತಿರ ಸರಿದು ಕೂತಳು ಅಷ್ಟೆ. ಹೊರಗೆ ನಿಂತ ನನ್ನ ಕಣ್ಣಲ್ಲೂ ನೀರಿತ್ತು, ಎದುರುಮನೆಯವರು ನೋಡುತ್ತಿದ್ದರು, ನೋಡಲಿ ಎಂದು ಬಿಟ್ಟೆ. ಬಹಳ ಹೊತ್ತಿನ ಮೇಲೆ ಅನಸೂಯ, ಅಮ್ಮ ಮತ್ತೆ ಎಚ್ಚರವಾದಳೇ, ನನ್ನನ್ನು ಕೇಳಿದಳೇ ಎಂದಳು.

“ಸಂಜೆ ಒಂದ್ಸಲ ಎಚ್ಚರ ಆಯ್ತು. ಕಣ್ಣು ಕಾಣ್ತಿರ್ಲಿಲ್ಲ. ಅನು ಬಂದ್ಲಾ ಅಂದ್ಲು. ಬಂದಿದಾಳೆ ಅಂದೆ,” ಎಂದಳು ವಿಶಾಲಾಕ್ಷಿ. “ಬಲಗೈ ನಾನು ಹಿಡ್ಕೊಂಡಿದ್ದೆ. ಎಡಗೈನೂ ಹಿಡ್ಕೊಂಡು, ಇದು ಅನು ಅಮ್ಮ ಅಂದೆ. ಬಲಗೈ ಬಿಟ್ಬಿಟ್ಲು. ನಿಂದು ಅಂದಿದ್ ಕೈನೇ ಕೊನೇವರೆಗೂ ಗಟ್ಟಿಯಾಗಿ ಹಿಡ್ಕೊಂಡಿದ್ಲು.”